ಒಕ್ಕೂಟ ಬಿಟ್ಟವರು ಕಳಿಸಿದ ಡಬ್ಬಿಗಳು

ಜುಲೈ ತಿಂಗಳ ಒಂದು ಭಾನುವಾರ, ಇಲ್ಲಿಯ ಲೆಕ್ಕದಲ್ಲಿ ವಾರದ ಮೊದಲ ದಿನ, ಬೆಳಿಗ್ಗೆ ಒಂಬತ್ತಕ್ಕೆ ಶುವೈಖ್ ಬಂದರಿನಿಂದ ನಮ್ಮ ಮಂದೂಬ್ ಒಂದು ಫೋಟೋ ಕಳಿಸಿದ. ಕಂಪನಿಯ ಪರವಾಗಿ ಬಂದರು, ಕಸ್ಟಮ್ಸ್, ಸರಕಾರಿ ಕಚೇರಿ ಸುತ್ತುವವನಿಗೆ ಕುವೈತಿನಲ್ಲಿ ಮಂದೂಬ್ ಎನ್ನುತ್ತಾರೆ. ನಮ್ಮವನು ಉಪ್ಪಿನಂಗಡಿ ಕಡೆಯ ಬ್ಯಾರಿ. ಹದಿನೈದು ವರ್ಷದಿಂದ ಅದೇ ಕೆಲಸ. ಸುಮ್ಮನೆ ಗಾಬರಿಯಾಗುವ ಆಸಾಮಿ ಅಲ್ಲ. ಫೋಟೋದ ಹಿಂದೆಯೇ ಅವನ ಕರೆ ಬಂತು.

"ಮೇಡಂ, ಡಬ್ಬಿ ಮೇಲೆ ಆ ಸಿಇ ಅಕ್ಷರ ಇಲ್ಲ. ಬೇರೆ ಎಂಥದೋ ಗುರುತು ಉಂಟು. ಇನ್ಸ್‌ಪೆಕ್ಟರ್ ಖಲಾಸ್ ಅಂತ ಹೇಳಿ ಫೈಲ್ ಮುಚ್ಚಿ ಇಟ್ಟಿದ್ದಾರೆ."

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸುರಕ್ಷತೆಯ ಪರೀಕ್ಷೆ ಆಗಿದೆ ಎಂದು ಹೇಳುವ ಯುರೋಪಿನ ಒಕ್ಕೂಟದ ಸಿಇ ಗುರುತು ಇರಬೇಕಾದ ಜಾಗದಲ್ಲಿ ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ತನಗಾಗಿ ಮಾಡಿಕೊಂಡ ನಾಲ್ಕು ಅಕ್ಷರದ ಹೊಸ ಗುರುತಿತ್ತು. ಉಳಿದಂತೆ ಡಬ್ಬಿಯ ಬಣ್ಣ, ಅಳತೆ, ಚಿತ್ರ ಎಲ್ಲ ಮೊದಲಿನ ಹಾಗೇ.

ನನ್ನ ಕೆಲಸವೇ ಆ ಗುರುತುಗಳನ್ನು ನೋಡುವುದು. ಆಸ್ಪತ್ರೆ ಸಾಮಗ್ರಿ ತರಿಸುವ ಕಂಪನಿಯೊಂದರಲ್ಲಿ ಪ್ರತಿ ವಸ್ತುವಿನ ನೋಂದಣಿ ಫೈಲನ್ನು ಆರೋಗ್ಯ ಇಲಾಖೆಗೆ ಕೊಡುವವಳು, ಬಂದ ಸರಕು ಫೈಲಿಗೆ ಹೊಂದುತ್ತದೆ ಎಂದು ಸಹಿ ಹಾಕುವವಳು ನಾನು. ಆ ಸಲ ಬಂದದ್ದು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಉಸಿರಾಟದ ಯಂತ್ರಕ್ಕೆ ಜೋಡಿಸುವ ಟ್ಯೂಬಿನ ಸೆಟ್. ನೋಡಲು ಏನೂ ಅಲ್ಲ, ಒಂದು ತೆಳು ಪ್ಲಾಸ್ಟಿಕ್ ಕೊಳವೆ. ಆದರೆ ಅದರೊಳಗೆ ಗಾಳಿಯನ್ನು ಬೆಚ್ಚಗಿಡುವ ತಂತಿ ಇರುತ್ತದೆ, ತುದಿಯಲ್ಲಿ ಶಾಖ ಅಳೆಯುವ ಕಡ್ಡಿ ಇರುತ್ತದೆ. ಒಣ, ತಣ್ಣನೆಯ ಗಾಳಿ ಹೋದರೆ ಕಿಲೋ ತೂಕದ ಮಗುವಿನ ಶ್ವಾಸಕೋಶ ತಡೆಯುವುದಿಲ್ಲ. ಒಂದು ಮಗುವಿಗೆ ಹಾಕಿದ್ದನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ, ಅದೇ ಮಗುವಿಗೂ ವಾರಕ್ಕೊಮ್ಮೆ ಬದಲಿಸಬೇಕು. ಬೇರೆ ಕಂಪನಿಯ ಸೆಟ್ಟಿನ ಪಿನ್ ಆ ಯಂತ್ರಕ್ಕೆ ಕೂರುವುದಿಲ್ಲ. ಜಾಬ್ರಿಯಾದ ಒಂದು ಖಾಸಗಿ ಆಸ್ಪತ್ರೆಗೆ ಅಂಥ ಆರು ಯಂತ್ರಗಳನ್ನು ಮಾರಿದವರು ನಾವೇ.

ಏನಾಗಿದೆ ಎಂದು ಅರ್ಥವಾಗಲು ನನಗೆ ಐದು ನಿಮಿಷ ಸಾಕಾಯಿತು. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಅಲ್ಲಿಯ ಪ್ರಮಾಣೀಕರಣ ಸಂಸ್ಥೆ ಪರೀಕ್ಷಿಸಿ ಒಂದು ಸರ್ಟಿಫಿಕೇಟ್ ಕೊಟ್ಟರೆ ಅದು ಇಡೀ ಒಕ್ಕೂಟಕ್ಕೆ ಸಲ್ಲುತ್ತಿತ್ತು, ನಮ್ಮ ಇಲಾಖೆಯೂ ಅದನ್ನೇ ನಂಬಿ ಒಳಗೆ ಬಿಡುತ್ತಿತ್ತು. ದೇಶ ಹೊರಬಂದ ದಿನ ಆ ಸಂಸ್ಥೆಗಳ ಸಹಿಗೆ ಒಕ್ಕೂಟದಲ್ಲಿ ಬೆಲೆ ಹೋಯಿತು. ಸಿಇ ಗುರುತು ಉಳಿಸಿಕೊಳ್ಳಬೇಕೆಂದರೆ ಒಕ್ಕೂಟದೊಳಗಿನ ಬೇರೊಂದು ಸಂಸ್ಥೆಯಿಂದ ಹೊಸ ಸರ್ಟಿಫಿಕೇಟ್ ತರಬೇಕು, ಒಬ್ಬ ಪ್ರತಿನಿಧಿಯನ್ನು ಅಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಸರಬರಾಜುದಾರ ಬ್ರಿಟಿಷ್ ಕಂಪನಿ. ನಮ್ಮ ಫೈಲಿನಲ್ಲಿದ್ದದ್ದು ಹಳೆಯ ಬ್ರಿಟಿಷ್ ಸಂಸ್ಥೆಯ ಕಾಗದ. ಅದರ ಜೊತೆಗೆ ಕಂಪನಿಯ ಒಂದು ಪತ್ರವಿತ್ತು: ಕೊಲ್ಲಿ ದೇಶಗಳ ಗ್ರಾಹಕರಿಗೆ ಯಾವ ಬದಲಾವಣೆಯೂ ಇಲ್ಲ, ನಿಶ್ಚಿಂತರಾಗಿರಿ.

ಆ ಪತ್ರದ ಮೇಲೆ 'ಸ್ವೀಕರಿಸಿದೆ' ಎಂದು ಮುದ್ರೆ ಒತ್ತಿದ್ದವಳು ನಾನು. ಇರಬೇಕೋ ಬಿಡಬೇಕೋ ಎಂದು ಆ ದೇಶದವರು ವರ್ಷಗಟ್ಟಲೆ ಟಿವಿಯಲ್ಲಿ ಕಿತ್ತಾಡುತ್ತಿದ್ದಾಗ ಸಾಲ್ಮಿಯಾದ ನಮ್ಮ ಫ್ಲ್ಯಾಟಿನಲ್ಲಿ ಪಾತ್ರೆ ತೊಳೆಯುತ್ತ ಕೇಳಿ ನಕ್ಕಿದ್ದೆ. ಅವರ ಮನೆಯ ಜಗಳ ಅಂದುಕೊಂಡಿದ್ದೆ. ಆ ಪತ್ರದ ಜೊತೆ ಹೊಸ ಸರ್ಟಿಫಿಕೇಟ್ ಎಲ್ಲಿ ಎಂದು ಒಂದು ಮಾತು ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಈ ಕಥೆಯಲ್ಲಿ ನನಗೆ ಬಂದ ಮೊದಲ ಸಿಟ್ಟು ನನ್ನ ಮೇಲೆಯೇ.

ಕಂಪನಿಯ ರಫ್ತು ವಿಭಾಗದ ಮುಖ್ಯಸ್ಥನಿಗೆ ಫೋನ್ ಮಾಡಿದೆ. ಅವನು ನಕ್ಕ. ಪರೀಕ್ಷೆ ಅದೇ, ಮಾನದಂಡ ಅದೇ, ಗುರುತು ಅಂದರೆ ಬರಿಯ ಚಿತ್ರ ಎಂದ. ನಿಮ್ಮಲ್ಲಿ ಅರಬಿ ಲೇಬಲನ್ನು ಸ್ಥಳೀಯವಾಗಿ ಅಂಟಿಸಲು ಅವಕಾಶ ಇದೆಯಲ್ಲ, ಅದೇ ಲೇಬಲಿನ ಮೂಲೆಯಲ್ಲಿ ಸಿಇ ಚಿತ್ರವನ್ನೂ ಮುದ್ರಿಸಿಬಿಡಿ, ಬೇಕಾದರೆ ಚಿತ್ರದ ಕಡತವನ್ನು ನಾನೇ ಕಳಿಸುತ್ತೇನೆ ಎಂದ. ಹತ್ತು ನಿಮಿಷದಲ್ಲಿ ನನಗೂ ನಮ್ಮ ಮ್ಯಾನೇಜರಿಗೂ ಕಳಿಸಿಯೂ ಬಿಟ್ಟ. ಮೇಲ್‌ನಲ್ಲಿ ಒಂದು ಅಕ್ಷರವೂ ಇರಲಿಲ್ಲ, ಚಿತ್ರ ಮಾತ್ರ. ಬರೆದರೆ ಸಿಕ್ಕಿಬೀಳುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

ಮರುದಿನ ಇಲಾಖೆಗೆ ಹೋದೆ. ನೋಂದಣಿ ವಿಭಾಗದ ಅಧಿಕಾರಿ ನನ್ನದೇ ವಯಸ್ಸಿನ ಕುವೈತಿ ಹೆಂಗಸು, ಕಟ್ಟುನಿಟ್ಟು. ಅವರ ಮುಂದೆ ಹಳೆಯ ಸರ್ಟಿಫಿಕೇಟ್ ಇಟ್ಟೆ, ಡಬ್ಬಿಯ ಫೋಟೋ ಇಟ್ಟೆ. ಅವರು ಕಂಪ್ಯೂಟರಿನಲ್ಲಿ ಏನೋ ಹುಡುಕಿ, ಇದನ್ನು ಕೊಟ್ಟ ಸಂಸ್ಥೆಗೆ ಈಗ ಆ ಅಧಿಕಾರವೇ ಇಲ್ಲ ಎಂದರು. ಒಕ್ಕೂಟದ ಸರ್ಟಿಫಿಕೇಟ್ ತನ್ನಿ, ಇಲ್ಲವೆ ಬ್ರಿಟನ್ನಿನ ಹೊಸ ಗುರುತಿನ ಮೇಲೆ ಹೊಸ ಅರ್ಜಿ ಹಾಕಿ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ ಎಂದರು. ಮಕ್ಕಳ ವಾರ್ಡಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಟ್ಯೂಬಿನ ಮೇಲೆ ನನಗೇನೂ ಜಗಳವಿಲ್ಲ, ಆದರೆ ನಾಳೆ ಏನಾದರೂ ಆದರೆ ಯಾರ ಮಾತು ನಂಬಿ ಇದನ್ನು ಒಳಗೆ ಬಿಟ್ಟೆ ಎಂದು ನನ್ನ ಕಾಗದದಲ್ಲಿ ಇರಬೇಕು, ನಿಮ್ಮ ಫೈಲಿನಲ್ಲಿ ಆ ಜಾಗ ಖಾಲಿ ಇದೆ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಅಲ್ಲಿಂದ ನೇರ ಜಾಬ್ರಿಯಾಕ್ಕೆ ಹೋದೆ. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಹೇಡಿತನ ಅನಿಸಿತು. ವಾರ್ಡಿನ ಹೆಡ್ ಸಿಸ್ಟರ್ ಶಿರ್ವದ ಕಡೆಯವರು, ಮನೆಮಾತು ಕೊಂಕಣಿ. ನನ್ನ ಜೊತೆ ಮಾತ್ರ ಕನ್ನಡ. ನಾನು ಒಕ್ಕೂಟ, ಗುರುತು, ಸರ್ಟಿಫಿಕೇಟ್ ಎಂದು ಶುರು ಮಾಡಿದೆ. ಅವರು ಅರ್ಧಕ್ಕೇ ಕೈ ತೋರಿಸಿ ನಿಲ್ಲಿಸಿದರು.

"ನಿಮ್ಮ ಕಾಗದದ್ದು ನಂಗೆ ಬೇಡ. ನನ್ನ ಹತ್ರ ಹತ್ತೊಂಬತ್ತು ಸೆಟ್ ಉಂಟು. ಐದು ಮಕ್ಕಳು ಮೆಷೀನಿನಲ್ಲಿ ಇದ್ದಾರೆ. ಎಷ್ಟು ದಿವಸ ಅಂತ ಹೇಳಿ, ಅಷ್ಟು ಸಾಕು."

ಎಷ್ಟು ದಿನ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವರು ತಲೆಯಾಡಿಸಿ, ಇದ್ದ ಸೆಟ್ ಈ ಐದು ಮಕ್ಕಳಿಗೇ ಬೇಕು, ಇನ್ನು ಮೇಲೆ ಹೊಸ ಮಗುವನ್ನು ಸೇರಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂದು ಡಾಕ್ಟರಿಗೆ ಹೇಳಲು ಎದ್ದು ಹೋದರು. ಗಾಜಿನಾಚೆ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎದೆಯೊಂದು ಯಂತ್ರದ ಲಯಕ್ಕೆ ಏರಿಳಿಯುತ್ತಿತ್ತು. ಅಲ್ಲಿ ನಿಲ್ಲಲಾಗದೆ ಹೊರಗೆ ಬಂದೆ.

ಆಫೀಸಿನಲ್ಲಿ ಮ್ಯಾನೇಜರ್ ಆಗಲೇ ತಮ್ಮ ದಾರಿ ನೋಡಿಕೊಂಡಿದ್ದರು. ಅವರು ಕಾರ್ಕಳದ ಕಡೆಯವರು, ತುಳು ಮಾತಾಡುವವರು. ಕೆಟ್ಟ ಮನುಷ್ಯರಲ್ಲ. ಇಲ್ಲಿ ವಾಸಿಸಲು ಬೇಕಾದ ನನ್ನ ಇಕಾಮಾ ಪರವಾನಗಿಯ ನವೀಕರಣ ಒಮ್ಮೆ ಸಿಕ್ಕಿಹಾಕಿಕೊಂಡಾಗ ನಮ್ಮ ಕುವೈತಿ ಪ್ರಾಯೋಜಕನಾದ ಕಫೀಲನ ಮನೆಗೆ ತಾವೇ ಹೋಗಿ ಸಹಿ ಹಾಕಿಸಿ ತಂದವರು. ಅವರ ಮೇಜಿನ ಮೇಲೆ ಅರಬಿ ಲೇಬಲಿನ ಎರಡು ಸುರುಳಿಗಳಿದ್ದವು, ಫರ್ವಾನಿಯಾದ ಯಾವುದೋ ಮುದ್ರಣದ ಅಂಗಡಿಯಿಂದ ಬಂದವು. ಪ್ರತಿ ಲೇಬಲಿನ ಬಲಮೂಲೆಯಲ್ಲಿ ಸಿಇ. ಪಕ್ಕದಲ್ಲಿ ನಾನು ತುಂಬಿ ಸಹಿ ಹಾಕಬೇಕಾದ ಘೋಷಣಾಪತ್ರ. ಬಂದ ಸರಕಿನ ಗುರುತು ನೋಂದಾಯಿತ ಗುರುತಿಗೆ ಹೊಂದುತ್ತದೆ ಎಂದು ಅದರಲ್ಲಿ ಬರೆಯಬೇಕು.

"ಒಂದು ಸ್ಟಿಕ್ಕರ್ ಅಲ್ವಾ ಮೇಡಂ," ಎಂದರು. "ಟ್ಯೂಬ್ ಅದೇ, ಫ್ಯಾಕ್ಟರಿ ಅದೇ. ಬದಲಾದ್ದು ಅವರ ರಾಜಕೀಯ ಮಾತ್ರ. ಅವರ ರಾಜಕೀಯಕ್ಕೆ ನಮ್ಮ ವಾರ್ಡ್ ಯಾಕೆ ಖಾಲಿ ಆಗ್ಬೇಕು ಹೇಳಿ."

ಸುಲಭದ ಪ್ರಶ್ನೆಯಲ್ಲ ಅದು. ಹತ್ತೊಂಬತ್ತು ಸೆಟ್ ಎಂದ ಸಿಸ್ಟರ್ ಅವರ ದನಿ ಇನ್ನೂ ಕಿವಿಯಲ್ಲಿತ್ತು. ಸಹಿ ಹಾಕಿದರೆ ಬುಧವಾರಕ್ಕೆ ಡಬ್ಬಿ ವಾರ್ಡಿನಲ್ಲಿರುತ್ತದೆ. ಬಂದರಿನವರಿಗೆ ಬೇಕಾದದ್ದು ಲೇಬಲ್ ಮತ್ತು ಸಹಿ ಮಾತ್ರ, ನಾನು ಇಲಾಖೆಯಲ್ಲಿ ತೋರಿಸಿದ ಫೋಟೋದ ಜೊತೆ ಯಾರೂ ತಾಳೆ ನೋಡುವುದಿಲ್ಲ. ನಾನು ಪೆನ್ನು ಕೈಗೆ ತೆಗೆದುಕೊಂಡದ್ದೂ ನಿಜ.

"ಅರಬಿ ಲೇಬಲ್ ಹಚ್ಚ್ರಿ ಸರ್, ನನ್ನದೇನೂ ತಕರಾರಿಲ್ಲ," ಎಂದೆ. "ಆದ್ರ ಆ ಎರಡಕ್ಷರ ಅದರಾಗ ಸೇರಿಸಿದ್ರ ಸುಳ್ಳಾಗ್ತದರಿ. ನಾಳೆ ಒಂದು ಟ್ಯೂಬ್ ಜಾಯಿಂಟಿನಾಗ ಸೀಳ್ತು ಅಂತ ತಿಳ್ಕೊಳ್ರಿ. ಯಾರನ್ನ ಕೇಳೂದು? ಅವರು ನಮ್ಮ ಗುರುತಲ್ಲ ಅಂತಾರ. ಉಳಿಯೂದು ನನ್ನ ಸಹಿ ಒಂದ."

"ಏನೂ ಆಗುದಿಲ್ಲ."

"ಆಗೂದಿಲ್ಲ ಅಂತ ಬರದು ನೀವು ಸಹಿ ಮಾಡ್ರಿ ಹಂಗಾರ."

ಅವರು ಕಾಗದವನ್ನು ನನ್ನ ಕಡೆಗೇ ಸರಿಸಿದರು. ಆಗ ನಾನು ಘೋಷಣಾಪತ್ರವನ್ನು ತುಂಬಿದೆ. ನೋಂದಾಯಿತ ಗುರುತು ಡಬ್ಬಿಯ ಮೇಲೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಮಂದೂಬ್‌ನಿಂದ ಅರಬಿಯಲ್ಲಿ ಬರೆಸಿ, ಸಹಿ ಹಾಕಿ, ಅವತ್ತೇ ಇಲಾಖೆಯ ಪೋರ್ಟಲಿಗೆ ಏರಿಸಿದೆ. ಒಮ್ಮೆ ಏರಿಸಿದ್ದನ್ನು ಹಿಂತೆಗೆಯಲು ಬರುವುದಿಲ್ಲ. ಸ್ಟಿಕ್ಕರಿನ ದಾರಿ ಅಲ್ಲಿಗೆ ಮುಚ್ಚಿತು. ಮ್ಯಾನೇಜರ್ ಪರದೆಯ ಮೇಲೆ ಅದನ್ನು ನೋಡಿ, ಇನ್ನು ಆ ವಾರ್ಡಿಗೆ ಏನು ಹೇಳುತ್ತೀರೋ ನೀವೇ ಹೇಳಿ ಎಂದು ಎದ್ದುಹೋದರು. ಸರಿ ಮಾಡಿದೆ ಎಂಬ ಸಮಾಧಾನವೇನೂ ಬರಲಿಲ್ಲ.

ನಾಲ್ಕನೆಯ ದಿನ ಸರಕನ್ನು ಹಿಂದಿರುಗಿಸಬೇಕೆಂಬ ಆದೇಶ ಬಂತು. ಅಷ್ಟರಲ್ಲಿ ಬಂದರಿನ ಶೆಡ್ಡಿನ ಕಾವೇ ಅದರ ಕಥೆ ಮುಗಿಸಿತ್ತು. ನಲವತ್ತು ಡಿಗ್ರಿ ಮೀರಬಾರದು ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಹೊರಗೆ ನೆರಳಿನಲ್ಲೇ ಐವತ್ತರ ಹತ್ತಿರ.

ಮುಂದಿನ ಒಂದು ವಾರ ನಾನು ಮಾಡಿದ್ದು ಮೇಲ್ ಬರೆಯುವುದು, ಉತ್ತರ ಬರದೆ ಮತ್ತೆ ಬರೆಯುವುದು. ಒಕ್ಕೂಟದ ಸರ್ಟಿಫಿಕೇಟ್ ಇದೆಯೇ ಎಂಬ ಪ್ರಶ್ನೆಗೆ ರಫ್ತು ವಿಭಾಗದಿಂದ ಪರಿಶೀಲಿಸುತ್ತಿದ್ದೇವೆ ಎಂಬ ಒಂದೇ ಉತ್ತರ. ಎರಡನೆಯ ವಾರದ ಬುಧವಾರ ಬೇಸತ್ತು ಅವರ ಜಾಲತಾಣದಲ್ಲಿ ಯುರೋಪಿನ ಗ್ರಾಹಕರಿಗೆಂದು ಇಟ್ಟಿದ್ದ ಕೆಟಲಾಗು ತೆರೆದೆ. ಪುಟ ಪುಟ ನೋಡುತ್ತ ಹೋದರೆ ಅದೇ ಟ್ಯೂಬು, ಅದೇ ಚಿತ್ರ. ನಮ್ಮ ಇನ್‌ವಾಯ್ಸಿನಲ್ಲಿದ್ದ ಕೋಡನ್ನು ಪಕ್ಕದಲ್ಲಿಟ್ಟು ಅಂಕೆ ಅಂಕೆ ಹೋಲಿಸಿದೆ. ಎಂಟು ಅಂಕೆಗಳೂ ಒಂದೇ. ಕೊನೆಯ ಅಕ್ಷರ ಮಾತ್ರ ಬೇರೆ: ನಮ್ಮದರ ಕೊನೆಗೆ ಜಿ, ಅವರದರ ಕೊನೆಗೆ ಇ. ಇ ಇದ್ದ ಡಬ್ಬಿಯ ಮೇಲೆ ಸಿಇ ಗುರುತು ಸ್ಪಷ್ಟವಾಗಿತ್ತು, ಒಕ್ಕೂಟದೊಳಗಿನ ಸಂಸ್ಥೆಯ ಸಂಖ್ಯೆಯೂ ಇತ್ತು. ಸರಕು ಇರುವ ಜಾಗ, ಒಕ್ಕೂಟದಲ್ಲೇ ಉಳಿದಿರುವ ಐರ್ಲೆಂಡಿನ ಗೋದಾಮು.

ಅಂದರೆ ಸರಿಯಾದ ಡಬ್ಬಿ ಅವರ ಹತ್ತಿರ ಇತ್ತು. ಮೊದಲಿನಿಂದಲೂ ಇತ್ತು. ಗಡಿಯ ಆಚೆಗಿನ ಒಕ್ಕೂಟದವರು ಕಟ್ಟುನಿಟ್ಟು, ಅವರಿಗೆ ಸರಿಯಾದದ್ದು ಕಳಿಸೋಣ. ಕೊಲ್ಲಿಯವರು ನೋಡುವುದಿಲ್ಲ, ಅವರಿಗೆ ಮನೆಯಲ್ಲಿ ಉಳಿದದ್ದು ಸಾಕು. ಹೀಗೆ ಯಾರೋ ಒಂದು ಮೇಜಿನ ಮುಂದೆ ಕೂತು ತೀರ್ಮಾನಿಸಿದ್ದರು. ಒಕ್ಕೂಟ ಬಿಟ್ಟದ್ದು ಅವರ ಹಕ್ಕು. ಬಿಟ್ಟ ಮೇಲೆ ಹೆಚ್ಚಾದ ತೊಂದರೆಯನ್ನು ಪ್ರಶ್ನೆ ಕೇಳದವರ ಕಡೆಗೆ ತಳ್ಳಲು ಅವರಿಗೆ ಯಾವ ಹಕ್ಕಿತ್ತು? ಆ ಎರಡು ಕೋಡುಗಳನ್ನು ಒಂದರ ಕೆಳಗೊಂದು ಇಟ್ಟು ಸರಬರಾಜುದಾರರಿಗೂ ನಮ್ಮ ಮ್ಯಾನೇಜರಿಗೂ ಮೇಲ್ ಹಾಕಿದೆ. ಯಾರೂ ಉತ್ತರಿಸಲಿಲ್ಲ.

ಮರುದಿನ, ಗುರುವಾರ, ಸಿಸ್ಟರ್ ಫೋನ್ ಮಾಡಿದರು. ಮೂವತ್ತು ವಾರಕ್ಕೆ ಹುಟ್ಟಿದ ಒಂದು ಗಂಡು ಮಗುವನ್ನು ಆಂಬುಲೆನ್ಸಿನಲ್ಲಿ ಬೇರೆ ಆಸ್ಪತ್ರೆಗೆ ಕಳಿಸಿದೆವು, ತಾಯಿಗೆ ಸಿಸೇರಿಯನ್ ಆಗಿ ಒಂದೇ ದಿನ, ಅವಳು ಇಲ್ಲೇ ಇದ್ದಾಳೆ ಎಂದರು. ಹೇಳಿ ಮುಗಿಸಿ ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಸಾಲ್ಮಿಯಾದ ಕಡಲತಡಿಯ ಹೋಟೆಲೊಂದರಲ್ಲಿ ವ್ಯಾಪಾರಿಗಳ ಬಳಗವೊಂದು ಸಾರ್ವಜನಿಕ ಚರ್ಚೆ ಇಟ್ಟುಕೊಂಡಿತ್ತು. ಒಕ್ಕೂಟ ಬಿಟ್ಟ ಬ್ರಿಟನ್ನಿನಿಂದ ಕೊಲ್ಲಿಗೆ ಲಾಭವೋ ನಷ್ಟವೋ ಎಂಬುದು ವಿಷಯ. ವೇದಿಕೆಯ ಮೇಲೆ ಇಬ್ಬರು. ಬಿಟ್ಟದ್ದು ಒಳ್ಳೆಯದಾಯಿತು ಎನ್ನುವ ಕಡೆಗೆ ನಮ್ಮ ಸರಬರಾಜು ಕಂಪನಿಯ ನಿರ್ದೇಶಕ, ಅದಕ್ಕೆಂದೇ ಅಲ್ಲಿಂದ ಬಂದವರು. ಕೆಟ್ಟದಾಯಿತು ಎನ್ನುವ ಕಡೆಗೆ ಒಬ್ಬ ಅರ್ಥಶಾಸ್ತ್ರಜ್ಞ. ಮ್ಯಾನೇಜರ್ ನನ್ನನ್ನು ಕರೆದುಕೊಂಡು ಹೋದರು. ಚರ್ಚೆ ಮುಗಿದ ಮೇಲೆ ಚಹಾದ ಹೊತ್ತಿಗೆ ನಿರ್ದೇಶಕರನ್ನು ಮೆಲ್ಲಗೆ ಕೇಳೋಣ, ಸಭೆಯಲ್ಲಿ ಮಾತ್ರ ಬಾಯಿ ತೆರೆಯಬೇಡಿ ಎಂದು ಕಾರಿನಲ್ಲಿ ಎರಡು ಸಲ ಹೇಳಿದರು. ಒಪ್ಪಿಕೊಂಡೆ.

ಒಂದು ಗಂಟೆ ಅವರಿಬ್ಬರೂ ಸೊಗಸಾಗಿ ಜಗಳವಾಡಿದರು. ಒಬ್ಬರ ಪರದೆಯ ಮೇಲೆ ಗೆರೆ ಮೇಲಕ್ಕೆ ಹೋಯಿತು, ಇನ್ನೊಬ್ಬರದರಲ್ಲಿ ಕೆಳಕ್ಕೆ. ನಿರ್ದೇಶಕರು ನಿಯಮಗಳ ಹೊರೆ ಇಳಿಯಿತು ಎಂದರು, ನಮ್ಮ ನಿಯಮ ನಾವೇ ಬರೆಯುವ ಸ್ವಾತಂತ್ರ್ಯ ಬಂತು ಎಂದರು. ಅರ್ಥಶಾಸ್ತ್ರಜ್ಞರು ಒಂದೇ ಕೆಲಸಕ್ಕೆ ಈಗ ಎರಡು ಕಾಗದ, ಇದು ಸ್ವಾತಂತ್ರ್ಯವಲ್ಲ ಎಂದರು. ಸಭೆ ಇಬ್ಬರಿಗೂ ಚಪ್ಪಾಳೆ ತಟ್ಟಿತು. ಕೊನೆಗೆ ನಿರ್ದೇಶಕರು, ನಮ್ಮ ಕೊಲ್ಲಿ ಗ್ರಾಹಕರನ್ನೇ ಕೇಳಿ ನೋಡಿ, ಈ ಬದಲಾವಣೆಯಿಂದ ಅವರು ಒಂದು ದಿನವನ್ನೂ ಕಳೆದುಕೊಂಡಿಲ್ಲ ಎಂದರು.

ನಾನು ಎದ್ದು ನಿಂತೆ. ಮ್ಯಾನೇಜರ್ ನನ್ನ ಚೀಲದ ಪಟ್ಟಿ ಹಿಡಿದು ಎಳೆದದ್ದು ಗೊತ್ತಾಯಿತು. ಮೈಕ್ ಬರುವ ತನಕ ಕಾಯಲಿಲ್ಲ. ಹೆಸರು ಹೇಳಿದೆ, ಕೆಲಸ ಹೇಳಿದೆ. ಹದಿನಾಲ್ಕು ದಿನ ಕಳೆದುಕೊಂಡಿದ್ದೇವೆ, ಇನ್ನೂ ಎಣಿಸುತ್ತಿದ್ದೇವೆ ಎಂದೆ. ಎಂಟು ಅಂಕೆಗಳನ್ನು ಓದಿ, ಕೊನೆಗೆ ಜಿ ಇರುವ ಡಬ್ಬಿ ನಮಗೆ ಬಂತು, ಇ ಇರುವ ಡಬ್ಬಿ ನಿಮ್ಮ ಐರ್ಲೆಂಡಿನ ಗೋದಾಮಿನಲ್ಲಿದೆ, ನಮಗೆ ಜಿ ಕಳಿಸಿದ್ದು ಯಾಕೆ ಎಂದು ಕೇಳಿದೆ. ಆಂಬುಲೆನ್ಸಿನಲ್ಲಿ ಹೋದ ಮಗುವಿನ ವಿಷಯವನ್ನೂ ಹೇಳಿದೆ. ದನಿ ಏರಿತ್ತು. ಇಳಿಸಲು ಪ್ರಯತ್ನಿಸಲಿಲ್ಲ.

ನಿರ್ದೇಶಕರು ನೀರು ಕುಡಿದರು. ಮಾತಾಡಿದ್ದು ಅರ್ಥಶಾಸ್ತ್ರಜ್ಞರು. ಅವರ ಮುಖ ಅರಳಿತ್ತು. ನಾನು ಹೇಳುತ್ತಿದ್ದದ್ದು ಇದನ್ನೇ, ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೇ ಎಂದು ಸಭೆಯ ಕಡೆ ತಿರುಗಿದರು. ನಂತರ ನನ್ನ ಕಡೆ ನೋಡಿ, ಆಸ್ಪತ್ರೆ ಯಾವುದು, ಇದನ್ನು ಲೇಖನದಲ್ಲಿ ಬಳಸಿಕೊಳ್ಳಬಹುದೇ ಎಂದು ಕೇಳಿ ಪೆನ್ನು ತೆರೆದರು. ಮಗು ಹೇಗಿದೆ ಎಂದು ಅವರೂ ಕೇಳಲಿಲ್ಲ. ಅಲ್ಲಿಯ ತನಕ ನಾನು ಒಳಗೊಳಗೇ ಅವರ ಪಕ್ಷದಲ್ಲಿದ್ದೆ. ಆ ಪೆನ್ನು ನೋಡಿದ ಕ್ಷಣ ನನಗೆ ವೇದಿಕೆಯ ಆ ಕುರ್ಚಿಯೂ ಈ ಕುರ್ಚಿಯೂ ಒಂದೇ ಆದವು.

"ನಿಮ್ಮ ವಾದಕ್ಕೆ ಸಾಕ್ಷಿ ಹೇಳಲು ನಾನು ಬಂದಿಲ್ಲ," ಎಂದೆ. "ಐರ್ಲೆಂಡಿನಿಂದ ಆ ಡಬ್ಬಿ ವಿಮಾನ ಹತ್ತಬೇಕು. ಇಲ್ಲಿರುವವರಲ್ಲಿ ಅದಕ್ಕೆ ಸಹಿ ಹಾಕುವವರು ಯಾರು, ಅಷ್ಟು ಹೇಳಿ."

ಸಭೆಯನ್ನು ನಡೆಸುತ್ತಿದ್ದವರು ಸಮಯ ಮುಗಿಯಿತು ಎಂದರು. ಜನ ಚಹಾದ ಕಡೆ ನಡೆದರು. ನಿರ್ದೇಶಕರು ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರವೇ ಬಂದರು, ಕಿವಿ ಕೆಂಪಾಗಿತ್ತು. ಒಕ್ಕೂಟದೊಳಕ್ಕೆ ಸರಕು ಕಳಿಸಿ ಅಲ್ಲಿಂದ ಮತ್ತೆ ಹೊರಗೆ ತರಿಸುವುದೆಂದರೆ ಎರಡೆರಡು ಕಸ್ಟಮ್ಸ್ ಕಾಗದ, ಕೊಲ್ಲಿಯವರು ಇದುವರೆಗೆ ಯಾರೂ ಗುರುತಿನ ಬಗ್ಗೆ ಕೇಳಿರಲಿಲ್ಲ ಎಂದರು. ಈಗ ಕೇಳಿದ್ದೇವೆ ಎಂದೆ. ಸೋಮವಾರ ನೋಡೋಣ ಎಂದರು. ಇವತ್ತು, ಎಂದೆ. ಅವರು ಅಲ್ಲೇ ನಿಂತು ಫೋನಿನಲ್ಲಿ ಎರಡು ಸಾಲಿನ ಮೇಲ್ ಬರೆದು ನನಗೂ ಪ್ರತಿ ಕಳಿಸಿದರು. ಅದು ನನ್ನ ಫೋನಿಗೆ ಬಂದು ಮುಟ್ಟುವ ತನಕ ನಾನು ದಾರಿ ಬಿಡಲಿಲ್ಲ.

ಹಿಂದಿರುಗುವಾಗ ಮ್ಯಾನೇಜರೇ ಕಾರು ಓಡಿಸಿದರು. ಎರಡು ಸಿಗ್ನಲ್ ದಾಟಿದ ಮೇಲೆ ಕೇಳಿದರು, "ಆ ಕೋಡಿನ ವಿಷಯ ನಂಗೆ ಮೊದಲೇ ಹೇಳ್ಬಹುದಿತ್ತಲ್ಲ ಮಾರಾಯ್ರೇ?"

"ಬುಧವಾರ ಮೇಲ್ ಹಾಕೀನ್ರಿ ಸರ್. ನೀವ್ ತಗದ ನೋಡಿಲ್ಲ."

ಮ್ಯಾನೇಜರ್ ಭಾನುವಾರ ಬೆಳಿಗ್ಗೆ ನಾನು ಬರುವ ಮುಂಚೆಯೇ ಆಸ್ಪತ್ರೆಯಿಂದ ತುರ್ತು ಅಗತ್ಯದ ಪತ್ರವನ್ನು ತಾವೇ ಹೋಗಿ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಲೇಬಲಿನ ಸುರುಳಿಗಳು ಅವರ ಮೇಜಿನಿಂದ ಕಾಣೆಯಾಗಿದ್ದವು. ಎಲ್ಲಿ ಹೋದವು ಎಂದು ನಾನು ಕೇಳಲಿಲ್ಲ.

ಡಬ್ಬಿ ಇದೆ ಎಂದ ಮಾತ್ರಕ್ಕೆ ಬರುವುದಿಲ್ಲ. ನಮ್ಮ ಫೈಲಿನಲ್ಲಿ ಪ್ರಮಾಣೀಕರಣ ಸಂಸ್ಥೆಯ ಹೆಸರು ಬದಲಾಗಬೇಕು, ಒಕ್ಕೂಟದ ಪ್ರತಿನಿಧಿಯ ವಿಳಾಸ ಸೇರಬೇಕು, ಈ ವಸ್ತು ಅಲ್ಲಿ ಮುಕ್ತವಾಗಿ ಮಾರಾಟವಾಗುತ್ತಿದೆ ಎಂಬ ಸರ್ಟಿಫಿಕೇಟ್ ಈಗ ಲಂಡನ್ನಿನ ಬದಲು ಐರ್ಲೆಂಡಿನಿಂದ ಬಂದು ದೃಢೀಕರಣವಾಗಬೇಕು. ಮೊದಲ ಸಲ ಬಂದ ಕಾಗದದಲ್ಲಿ ನಮ್ಮ ಕಂಪನಿಯ ಹಳೆಯ ವಿಳಾಸವಿತ್ತು. ಅಧಿಕಾರಿ ಅದನ್ನು ಹಿಂದಕ್ಕೆ ಕೊಟ್ಟರು. ನಾಲ್ಕು ದಿನ ಹೋಯಿತು. ಎರಡನೆಯ ಸಲ ಸರಿಯಾಗಿತ್ತು. ಆಸ್ಪತ್ರೆಯ ಪತ್ರವನ್ನು ಓದಿ ಅವರು ಫೈಲನ್ನು ರಾಶಿಯ ಮೇಲಕ್ಕೆ ತೆಗೆದಿಟ್ಟು, ಅದೇ ದಿನ ಮಧ್ಯಾಹ್ನ ಒಂದಕ್ಕೆ, ಕೌಂಟರು ಮುಚ್ಚುವ ಮೊದಲು, ಒಪ್ಪಿಗೆ ಕೊಟ್ಟರು. ಆ ಅವಧಿಯಲ್ಲಿ ಇನ್ನೊಂದು ಮಗುವನ್ನೂ ಹೊರಗೆ ಕಳಿಸಬೇಕಾಯಿತು.

ಇಪ್ಪತ್ತಾರನೆಯ ದಿನ ಮಂದೂಬ್ ವಿಮಾನ ನಿಲ್ದಾಣದ ಸರಕು ಕಟ್ಟೆಯಿಂದ ಡಬ್ಬಿಗಳನ್ನು ಬಿಡಿಸಿಕೊಂಡ. ಎಸಿ ಇದ್ದ ವ್ಯಾನಿನಲ್ಲಿ ಅವುಗಳ ಜೊತೆ ನಾನೂ ಜಾಬ್ರಿಯಾಕ್ಕೆ ಹೋದೆ. ಸಿಸ್ಟರ್ ಪ್ರತಿ ಡಬ್ಬಿಯ ಅವಧಿ ದಿನಾಂಕ ನೋಡಿ ರಸೀದಿಗೆ ಸಹಿ ಹಾಕಿದರು. ಧನ್ಯವಾದ ಎನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಮೊದಲು ಕಳಿಸಿದ ಮಗು ಬೆಳಿಗ್ಗೆ ವಾಪಸು ಬಂತು, ಯಂತ್ರ ಬಿಟ್ಟು ತಾನೇ ಉಸಿರಾಡುತ್ತಿದೆ ಎಂದರು. ತಾಯಿ ಹೊರಗೆ ಕೂತಿದ್ದಾಳೆ, ನಮ್ಮ ಊರ ಕಡೆಯವಳೇ, ಕಂಪನಿಯವರು ಯಾರಾದರೂ ಬಂದರೆ ನೋಡಬೇಕು ಅಂದಿದ್ದಾಳೆ ಎಂದೂ ಹೇಳಿದರು. ಹೋಗದಿದ್ದರೂ ನಡೆಯುತ್ತದೆ ಎಂದು ಅವರೇ ಸೇರಿಸಿದರು.

ಹೋದೆ. ಬೆಳ್ಮಣ್ಣು ಕಡೆಯವಳು, ಇಲ್ಲಿ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ. ವಯಸ್ಸು ಇಪ್ಪತ್ತೆಂಟೋ ಮೂವತ್ತೋ. ಹೊಲಿಗೆಯ ನೋವಿಗೆ ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡೇ ಮಾತಾಡಿದಳು. ಅಳಲಿಲ್ಲ.

"ಎದ್ದು ಆ ಆಸ್ಪತ್ರೆಗೆ ಹೋಗ್ಲಿಕ್ಕೆ ಆಗುವ ತನಕ ಒಂಬತ್ತು ದಿವಸ ನಾನು ಮಗು ನೋಡ್ಲಿಲ್ಲ ಅಕ್ಕ. ಗಂಡ ಫೋನಿನಲ್ಲಿ ಫೋಟೋ ತೋರಿಸ್ತಿದ್ರು. ಇಲ್ಲಿ ಮೆಷೀನ್ ಇತ್ತು, ಡಾಕ್ಟರ್ ಇದ್ರು, ಬೆಡ್ ಸಹ ಇತ್ತು. ಮತ್ತೆ ಯಾಕೆ ಕಳಿಸಿದ್ದು ಅಂತ ಯಾರೂ ಸರಿಯಾಗಿ ಹೇಳುದಿಲ್ಲ. ಸಾಮಾನು ಬಂದಿಲ್ಲ ಅಂತಾರೆ. ಯಾಕೆ ಬರ್ಲಿಲ್ಲ?"

ಬ್ರಿಟನ್, ಒಕ್ಕೂಟ, ಗುರುತು ಎಂದು ನಾಲಿಗೆಯ ತುದಿಗೆ ಬಂತು. ವೇದಿಕೆಯ ಮೇಲಿನ ಆ ಇಬ್ಬರೂ ನೆನಪಾದರು. ಹಾಗೆ ಹೇಳಿದರೆ ಯಾವ ಮನುಷ್ಯನೂ ಏನೂ ಮಾಡಲಿಲ್ಲ, ಎಲ್ಲ ದೇಶ ದೇಶಗಳ ನಡುವೆ ನಡೆದುಹೋಯಿತು ಎಂದಾಗುತ್ತಿತ್ತು.

"ಸರಿಯಾದ ಡಬ್ಬಿ ಇದ್ರೂ ಅವರು ಬ್ಯಾರೇದ್ದು ಕಳ್ಸಿದ್ರು ನೋಡಮ್ಮ," ಎಂದೆ. "ನಾವೂ ಮೊದಲ ಕೇಳಲಿಲ್ಲ."

"ಅವರು ಅಂದ್ರೆ ಯಾರು?"

ನನ್ನ ಡೈರಿಯಿಂದ ಒಂದು ಹಾಳೆ ಹರಿದೆ. ಸರಬರಾಜು ಕಂಪನಿಯ ಹೆಸರು ಬರೆದೆ. ಅದರ ಕೆಳಗೆ ನಿರ್ದೇಶಕರ ಹೆಸರು, ಸ್ಟಿಕ್ಕರಿನ ಚಿತ್ರ ಕಳಿಸಿದ ರಫ್ತು ಮುಖ್ಯಸ್ಥನ ಹೆಸರು, ಇಬ್ಬರ ಮೇಲ್ ವಿಳಾಸ. ನಂತರ ನಮ್ಮ ಕಂಪನಿ. ಕೊನೆಗೆ ನನ್ನ ಹೆಸರು, ಹುದ್ದೆಯ ಸಮೇತ. ಅವಳು ಅದನ್ನು ಒಂದೊಂದೇ ಸಾಲು ಓದಿದಳು. ಕೊನೆಯ ಸಾಲಿಗೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೌದು ಎಂದೆ. ಅವಳು ಹಾಳೆಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು.

ಎರಡು ವಾರದ ನಂತರ ಅವಳ ಗಂಡ ಬರೆದ ದೂರು ನಿರ್ದೇಶಕರಿಗೆ, ರಫ್ತು ಮುಖ್ಯಸ್ಥನಿಗೆ, ನಮ್ಮ ಕಂಪನಿಗೆ ಹೀಗೆ ಮೂರೂ ಕಡೆ ತಲುಪಿತು. ಅದರ ಪ್ರತಿಯನ್ನು ಕೈಯಲ್ಲಿ ಹಿಡಿದು ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದರು. ನಿರ್ದೇಶಕರ ಮೇಲ್ ವಿಳಾಸ ಸಮೇತ ಇಷ್ಟೆಲ್ಲ ಹೆಸರು ಆ ಜನಕ್ಕೆ ಯಾರು ಕೊಟ್ಟರು ಎಂದು ಕೇಳಿದರು.

"ನಾನ ಕೊಟ್ಟೇನ್ರಿ," ಎಂದೆ.